ಮಗಳಿಗೆ ಫಿಟ್ಸ್ ಇದೆ ಎಂದು ಹುಡುಗನ ಕಡೆಯವರಿಗೆ ಹೇಳಬೇಕೇ?

ಪ್ರಶ್ನೆ: ಡಾಕ್ಟರೇ, ನಾವು ಮಂಡ್ಯ ಜಿಲ್ಲೆಯ ಹಳ್ಳಿಯವರು. ದೊಡ್ಡ ಮಗಳಿಗೆ 24 ವರ್ಷ. ಬಿ.ಎಡ್. ಮುಗಿಸಿ ಶಾಲೆಯಲ್ಲಿ ಪಾಠ ಮಾಡುತ್ತಾಳೆ. 17ನೇ ವಯಸ್ಸಿನಲ್ಲಿ ದೀಪಾವಳಿಗೆ ಎಣ್ಣೆ ಹಚ್ಚಿ ತಲೆಗೆ ನೀರು ಹಾಕುವಾಗ ಬಚ್ಚಲಲ್ಲೇ ಬಿದ್ದು ಕೈಕಾಲು ಸೆಟೆದುಕೊಂಡಿತು. ಗಾಳಿ ಸೋಕಿದೆ ಎಂದು ನಮ್ಮತ್ತೆ ತಾಯತ ಕಟ್ಟಿಸಿದರು. ಆಮೇಲೆ ತಲೆಸ್ನಾನದಲ್ಲಿ ಇನ್ನೆರಡು ಸಲ, ನಿದ್ದೆಯಲ್ಲಿ ಎರಡು ಸಲ ಬಂತು. ಈಗ ಮೂರು ವರ್ಷದಿಂದ ಬಂದಿಲ್ಲ. ಸೋಡಿಯಂ ವಾಲ್‌ಪ್ರೋಯೇಟ್ ಮಾತ್ರೆ ಎರಡು ಹೊತ್ತು ಕೊಡುತ್ತಿದ್ದೇವೆ. ಒಳ್ಳೆಯ ಸಂಬಂಧ ಬಂದಿದೆ. ಹೇಳಬೇಡಿ, ಮದುವೆಯಾದರೆ ತಾನೇ ಹೋಗುತ್ತದೆ ಅನ್ನುತ್ತಾರೆ ನಮ್ಮ ಅತ್ತಿಗೆ. ಮಾತ್ರೆ ಉಷ್ಣ, ಗರ್ಭ ನಿಲ್ಲುವುದಿಲ್ಲ ಅನ್ನುತ್ತಾರೆ ಇನ್ನೊಬ್ಬರು. ಅಮಾವಾಸ್ಯೆ ದೋಷ ಅನ್ನುತ್ತಾರೆ ಜೋಯಿಸರು. ಚಿಕ್ಕ ಮಗಳೂ ಇದ್ದಾಳೆ, ವಿಷಯ ಹೊರಗೆ ಬಂದರೆ ಅವಳಿಗೂ ಗಂಡು ಸಿಗುವುದಿಲ್ಲವೆಂಬ ಭಯ. ಏನು ಮಾಡಲಿ?

ಉತ್ತರ: ಅಮ್ಮಾ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲು ಉತ್ತರ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಹೇಳಿ. ನಿಶ್ಚಿತಾರ್ಥಕ್ಕೆ ಮುಂಚೆಯೇ ಹೇಳಿ. ಮಾತ್ರೆಯನ್ನು ಒಂದು ಹೊತ್ತೂ ತಪ್ಪಿಸಬೇಡಿ. ಮದುವೆಯ ದಿನ ಗೊತ್ತುಮಾಡುವ ಮೊದಲು ಮಗಳನ್ನು ಒಬ್ಬ ನರರೋಗ ತಜ್ಞರ ಹತ್ತಿರ ಕರೆದುಕೊಂಡು ಹೋಗಿ. ಅವಳು ತೆಗೆದುಕೊಳ್ಳುತ್ತಿರುವ ಮಾತ್ರೆಯ ಬಗ್ಗೆ ಒಂದು ಮುಖ್ಯವಾದ ಮಾತು ಇದೆ, ಅದನ್ನು ಮುಂದೆ ಹೇಳುತ್ತೇನೆ.

ಬಚ್ಚಲಿನಿಂದ ಶುರು ಮಾಡೋಣ. ಆರೋಗ್ಯವಾಗಿದ್ದ ಹುಡುಗಿ ಹಬ್ಬದ ಬೆಳಗ್ಗೆ ಬಾಗಿಲು ಹಾಕಿಕೊಂಡು ಸ್ನಾನಕ್ಕೆ ಹೋಗಿ ಹಾಗೆ ಬಿದ್ದರೆ, ನಿಮ್ಮತ್ತೆಯವರಿಗೆ ಗಾಳಿಯ ನೆನಪಾದದ್ದು ಸಹಜ. ಆದರೆ ಅದಕ್ಕೆ ಹೆಸರಿದೆ: ಬಿಸಿನೀರಿನ ಮೂರ್ಛೆ. ಲೋಕದ ಬೇರೆಡೆ ಅಪರೂಪವಾದ ಇದು ಮೈಸೂರು, ಮಂಡ್ಯ, ಚಾಮರಾಜನಗರ, ಬೆಂಗಳೂರು ಸೀಮೆಯಲ್ಲಿ ನಾವು ಮತ್ತೆ ಮತ್ತೆ ನೋಡುವ ಫಿಟ್ಸ್. ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಅವರ ಜೊತೆಯವರು 1960ರ ದಶಕದಲ್ಲೇ ಇದರ ಬಗ್ಗೆ ಬರೆದಿದ್ದರು. ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಇದನ್ನು ದಶಕಗಳ ಕಾಲ ಅಧ್ಯಯನ ಮಾಡಿದರು. ಯಳಂದೂರಿನಲ್ಲಿ ಮನೆಮನೆಗೆ ಹೋಗಿ ಮಾಡಿದ ಸಮೀಕ್ಷೆಯಲ್ಲೂ ಇದು ಎದ್ದು ಕಂಡಿತು.

ಕಾರಣ ನಮ್ಮ ಸ್ನಾನದ ರೀತಿಯಲ್ಲೇ ಇದೆ. ಹಂಡೆಯಲ್ಲಿ ಚೆನ್ನಾಗಿ ಕಾದ ನೀರನ್ನು ಚೊಂಬಿನ ಮೇಲೆ ಚೊಂಬು ನೆತ್ತಿಗೆ ಹೊಯ್ಯುತ್ತೇವೆ. ಆ ನೀರು 40ರಿಂದ 50 ಡಿಗ್ರಿಯಷ್ಟು ಬಿಸಿ ಇರುತ್ತದೆ. ಹುಟ್ಟಿನಿಂದಲೇ ಅದಕ್ಕೆ ಸೂಕ್ಷ್ಮವಾಗಿರುವ ಕೆಲವರ ಮಿದುಳು ಆ ದಿಢೀರ್ ಕಾವನ್ನು ತಡೆಯುವುದಿಲ್ಲ. ಮೈಗೆ ಮಾತ್ರ ನೀರು ಹಾಕಿಕೊಂಡಾಗ ಏನೂ ಆಗದೆ, ತಲೆಸ್ನಾನದ ದಿನ ಮಾತ್ರ ಬರುವುದು ಅದಕ್ಕೇ. ಕೆಲವರಿಗೆ ಫಿಟ್ಸ್ ಶುರುವಾಗುವ ಮುನ್ನ ಒಂಥರಾ ಹಿತವಾಗಿ, ಇನ್ನೂ ನೀರು ಸುರಿದುಕೊಳ್ಳಬೇಕು ಅನ್ನಿಸುತ್ತದೆ. ‘ಕರೆದರೂ ಕೇಳಿಸದ ಹಾಗೆ ಸುರಿದುಕೊಳ್ತಾನೇ ಇದ್ದ’ ಎಂದು ಮನೆಯವರು ಹೇಳುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ದೆವ್ವದ ಕಥೆ ಹುಟ್ಟುವುದಕ್ಕೆ ಇಷ್ಟು ಸಾಕು. ಇಂಥವರಲ್ಲಿ ಕೆಲವರಿಗೆ ಮುಂದೆ ನೀರಿನ ನೆಪವಿಲ್ಲದೆಯೂ ಬರುತ್ತದೆ. ನಿಮ್ಮ ಮಗಳಿಗೆ ನಿದ್ದೆಯಲ್ಲಿ ಬಂದದ್ದು ಹಾಗೆ ಎಂದು ನಿಮ್ಮ ಬರಹದಿಂದ ತೋರುತ್ತದೆ. ಪರೀಕ್ಷಿಸಿದವರು ಅದನ್ನು ಖಚಿತ ಮಾಡಬೇಕು.

ಈಗ ಮೂರು ವರ್ಷದಿಂದ ಬಂದಿಲ್ಲದಿದ್ದರೂ ತಲೆಗೆ ಉಗುರುಬೆಚ್ಚಗಿನ ನೀರೇ ಇರಲಿ. ಮೊದಲು ಮೈಗೆ ಹಾಕಿಕೊಂಡು, ಕೊನೆಗೆ ತಲೆಗೆ ನಿಧಾನವಾಗಿ. ಬಚ್ಚಲ ಚಿಲಕ ಹಾಕಬಾರದು. ತಾಯತದ ಬಗ್ಗೆ ನನಗೆ ಜಗಳವಿಲ್ಲ ಅಮ್ಮಾ, ಮಾತ್ರೆಯ ಜೊತೆಗೆ ಅದೂ ಇದ್ದರೆ ಇರಲಿ. ಕಾದ ಕಬ್ಬಿಣದಲ್ಲಿ ಬರೆ ಹಾಕಿಸಿ ಆಮೇಲೆ ನನ್ನ ಹತ್ತಿರ ಕರೆತಂದ ಮಕ್ಕಳನ್ನು ನೋಡಿದ್ದೇನೆ. ಅಲ್ಲಿ ಮಾತ್ರ ನನಗೆ ಸುಮ್ಮನಿರಲು ಆಗುವುದಿಲ್ಲ.

ಜೋಯಿಸರ ಅಮಾವಾಸ್ಯೆಗೆ ಬರುತ್ತೇನೆ. ಅಮಾವಾಸ್ಯೆ, ಹುಣ್ಣಿಮೆ, ಅವುಗಳ ಹಿಂದಿನ ದಿನ, ಮುಂದಿನ ದಿನ, ಎಲ್ಲ ಸೇರಿಸಿದರೆ ತಿಂಗಳಲ್ಲಿ ಆರು ದಿನ. ಫಿಟ್ಸ್ ಯಾವ ದಿನ ಬೇಕಾದರೂ ಬರುವಂಥದ್ದಾದರೆ ಐದರಲ್ಲಿ ಒಂದು ಆ ಆರು ದಿನಗಳಲ್ಲಿ ಬಿದ್ದೇ ಬೀಳುತ್ತದೆ. ನಾವು ಆ ಒಂದನ್ನು ನೆನಪಿಟ್ಟುಕೊಂಡು ಉಳಿದ ನಾಲ್ಕನ್ನು ಮರೆಯುತ್ತೇವೆ. ಕೆಲವು ಹೆಂಗಸರಿಗೆ ತಿಂಗಳ ಲೆಕ್ಕದಲ್ಲಿ ಬರುವುದು ನಿಜ. ಅದರ ಕಾರಣ ಮುಟ್ಟು. ಮುಟ್ಟಿನ ಆಸುಪಾಸಿನಲ್ಲಿ ಹಾರ್ಮೋನುಗಳು ಏರಿಳಿಯುವಾಗ ಫಿಟ್ಸ್ ಸುಲಭವಾಗಿ ಬರುತ್ತದೆ. ನಿಮ್ಮ ಮಗಳಿಗೆ ಬಂದ ಐದೂ ಸಲ ಮುಟ್ಟು ಯಾವಾಗ ಆಗಿತ್ತು ಎಂಬುದು ಅವಳಿಗೇ ನೆನಪಿರಬಹುದು. ಡಾಕ್ಟರಿಗೆ ಪಂಚಾಂಗಕ್ಕಿಂತ ಆ ತಾರೀಖುಗಳು ಬೇಕು.

ಇದು ಹುಚ್ಚಿನ ಶುರುವೇ, ಯೋಚನೆ ಜಾಸ್ತಿ ಮಾಡಿದ್ದಕ್ಕೆ ಬಂತೇ ಎಂದೂ ಜನ ಕೇಳುತ್ತಾರೆ. ಮಿದುಳಿನ ಜೀವಕೋಶಗಳು ಒಂದಕ್ಕೊಂದು ವಿದ್ಯುತ್ತಿನ ಸಂಕೇತಗಳಲ್ಲೇ ಮಾತಾಡಿಕೊಳ್ಳುತ್ತವೆ. ಒಂದಷ್ಟು ಕೋಶಗಳು ಒಟ್ಟಿಗೆ ಹದ ತಪ್ಪಿದಾಗ ಆ ನಿಮಿಷ ಎರಡು ನಿಮಿಷ ಕಾಣುವುದೇ ಫಿಟ್ಸ್. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಮೂರ್ಛೆ ರೋಗವಿದೆ. ಸರಿಯಾದ ಚಿಕಿತ್ಸೆ ಸಿಕ್ಕರೆ ನೂರರಲ್ಲಿ 70 ಮಂದಿ ಫಿಟ್ಸ್ ಇಲ್ಲದೆ ಬದುಕಬಹುದು. ನಿಮ್ಮ ಮಗಳು ಈಗ ಇರುವುದು ಆ 70ರಲ್ಲಿ. ಯೋಚನೆಯಿಂದ ಈ ರೋಗ ಹುಟ್ಟುವುದಿಲ್ಲ. ಆದರೆ ಯೋಚನೆ ನಿದ್ದೆ ಕೆಡಿಸುತ್ತದೆ, ನಿದ್ದೆಗೆಟ್ಟರೆ ಫಿಟ್ಸ್ ಬರುವ ಸಂಭವ ಹೆಚ್ಚು. ‘ಯಾರಿಗೂ ಹೇಳಬೇಡ’ ಎಂಬ ಮಾತನ್ನು ಏಳು ವರ್ಷದಿಂದ ಕೇಳುತ್ತಾ ಬೆಳೆದ ಹುಡುಗಿಯ ಮನಸ್ಸಿನ ಮೇಲೆ ಭಾರ ಇದ್ದೇ ಇರುತ್ತದೆ. ಮೂರ್ಛೆ ಇರುವವರಲ್ಲಿ ಖಿನ್ನತೆ ಬೇರೆಯವರಿಗಿಂತ ಹೆಚ್ಚು. ಅವಳು ಮೊದಲಿನಷ್ಟು ನಗುತ್ತಿಲ್ಲ, ಊಟ ನಿದ್ದೆ ಸರಿಯಿಲ್ಲ ಎಂದು ನಿಮಗೆ ಅನ್ನಿಸಿದರೆ ಅದನ್ನೂ ಡಾಕ್ಟರಿಗೆ ಹೇಳಿ. ಅದಕ್ಕೂ ಚಿಕಿತ್ಸೆ ಇದೆ.

ಇನ್ನು ನಿಮ್ಮ ಅತ್ತಿಗೆಯವರ ಮಾತು. ಮದುವೆಯಾದರೆ ಹೋಗುತ್ತದೆ ಎಂಬ ನಂಬಿಕೆಗೆ ಬೇರೊಂದು ಬೇರಿದೆ. ಮಕ್ಕಳಲ್ಲಿ ಶುರುವಾಗುವ ಕೆಲವು ಬಗೆಯ ಮೂರ್ಛೆ ಹದಿಹರೆಯ ದಾಟುವಾಗ ತಾವಾಗಿ ನಿಲ್ಲುತ್ತವೆ. ನಮ್ಮ ಕಡೆ ಹುಡುಗಿಯರಿಗೆ ಮದುವೆ ಮಾಡುತ್ತಿದ್ದದ್ದೂ ಅದೇ ವಯಸ್ಸಿಗೆ. ಹೀಗೆ ವಯಸ್ಸಿಗೆ ಸಲ್ಲಬೇಕಾದ ಹೆಸರು ಮಾಂಗಲ್ಯಕ್ಕೆ ಹೋಯಿತು. ಈ ನಂಬಿಕೆಯಿಂದ ಏನಾಗುತ್ತದೆ ಎಂದು ನಾನು ಕಣ್ಣಾರೆ ಕಂಡದ್ದನ್ನು ಹೇಳಬೇಕು.

ಕೆಲವು ವರ್ಷಗಳ ಹಿಂದೆ ಒಬ್ಬ ಹುಡುಗಿಯನ್ನು ಮದುವೆಯಾದ ಏಳನೇ ದಿನ ಕರೆತಂದರು. ಕೈಯಲ್ಲಿ ಮೆಹಂದಿ ಇನ್ನೂ ಕೆಂಪಗಿತ್ತು. ಒಂದರ ಹಿಂದೆ ಒಂದು ಫಿಟ್ಸ್, ಮಧ್ಯೆ ಎಚ್ಚರವಿಲ್ಲ. ಎರಡು ದಿನ ಐಸಿಯುನಲ್ಲಿದ್ದು ಬದುಕಿಕೊಂಡಳು. ಅವಳ ತಾಯಿ ಮಾತ್ರೆಗಳನ್ನು ಕಾಗದದಲ್ಲಿ ಸುತ್ತಿ ಕುಂಕುಮದ ಡಬ್ಬಿಯ ಅಡಿಯಲ್ಲಿಟ್ಟು, ಯಾರಿಗೂ ಕಾಣದ ಹಾಗೆ ನುಂಗು ಎಂದು ಕಳಿಸಿದ್ದರು. ಹೊಸ ಮನೆ, ಮನೆ ತುಂಬ ನೆಂಟರು. ಯಾಕಮ್ಮ ನುಂಗಲಿಲ್ಲ ಎಂದು ಕೇಳಿದೆ. ‘ಪಟ್ಟಿಯಿಂದ ಮಾತ್ರೆ ಒತ್ತಿ ತೆಗೆದರೆ ಚಟ್ ಅನ್ನುತ್ತೆ ಸರ್. ಆ ಸದ್ದಿಗೆ ಹೆದರಿಕೊಂಡೆ’ ಎಂದಳು. ಗಂಡ ಹೊರಗೆ ಬೆಂಚಿನ ಮೇಲೆ ಕೂತಿದ್ದ. ‘ಕಾಯಿಲೆಗೆ ಬೇಜಾರಿಲ್ಲ ಸರ್, ಅವರ ಮನೇಲಿ ಎಲ್ಲರಿಗೂ ಗೊತ್ತಿತ್ತು, ನನಗೊಬ್ಬನಿಗೇ ಗೊತ್ತಿರಲಿಲ್ಲ’ ಎಂದ. ಇಬ್ಬರೂ ಒಳ್ಳೆಯವರು. ಆ ಮಾತು ಅವರಿಬ್ಬರ ನಡುವೆ ಬಹಳ ದಿನ ಕೂತಿತ್ತು.

ಮಾತ್ರೆಯನ್ನು ದಿಢೀರನೆ ನಿಲ್ಲಿಸಿದರೆ ಫಿಟ್ಸ್ ಮೊದಲಿಗಿಂತ ಜೋರಾಗಿ ಬರಬಹುದು. ಮದುವೆಯ ವಾರವೋ, ನಿದ್ದೆಯಿಲ್ಲದ ವಾರ. ಚಪ್ಪರದ ದಿನ ರಾತ್ರಿಯಿಡೀ ಮಾತು, ಬೆಳಗಿನ ಜಾವ ಎದ್ದು ತಲೆಗೆ ಎಣ್ಣೆನೀರು, ಧಾರೆಯಾಗುವ ತನಕ ಉಪವಾಸ. ಇದಕ್ಕೆ ಮುಚ್ಚಿಟ್ಟ ಮಾತ್ರೆಯೂ ಸೇರಿದರೆ ಫಿಟ್ಸ್‌ಗೆ ಕೈಹಿಡಿದು ಕರೆತಂದ ಹಾಗೆ. ಮದುಮಗಳನ್ನು ಕಾಪಾಡಬೇಕಾದರೆ ಆ ಮನೆಯಲ್ಲಿ ಒಬ್ಬರಿಗಾದರೂ ವಿಷಯ ಗೊತ್ತಿರಬೇಕು. ಆ ಒಬ್ಬರು ಗಂಡನೇ ಆಗಿರಬೇಕು.

ಕಾನೂನಿನ ಭಯವೂ ಕೆಲವರಿಗಿದೆ. ಹಿಂದೆ ಹಿಂದೂ ವಿವಾಹ ಕಾಯ್ದೆಯಲ್ಲಿ, ವಿಶೇಷ ವಿವಾಹ ಕಾಯ್ದೆಯಲ್ಲಿ ಪದೇ ಪದೇ ಮೂರ್ಛೆ ಬರುವುದನ್ನು ಹುಚ್ಚಿನ ಪಕ್ಕದಲ್ಲಿ ಸೇರಿಸಿ ಮದುವೆಗೆ ಅಡ್ಡಿ ಎಂದು ಬರೆದಿದ್ದರು. 1999ರ ತಿದ್ದುಪಡಿ ಮೂರ್ಛೆ ಎಂಬ ಪದವನ್ನು ಅಲ್ಲಿಂದ ತೆಗೆದುಹಾಕಿತು. ಈಗ ಮೂರ್ಛೆ ಇದೆ ಎಂಬುದಷ್ಟೇ ಮದುವೆಗೆ ಅಡ್ಡಿಯಲ್ಲ. ಆದರೆ ಮುಖ್ಯವಾದ ವಿಷಯ ಮುಚ್ಚಿಟ್ಟು ಮೋಸದಿಂದ ಒಪ್ಪಿಗೆ ಪಡೆದರು ಎಂದು ಕೋರ್ಟಿಗೆ ಹೋಗುವ ದಾರಿ ಈಗಲೂ ತೆರೆದೇ ಇದೆ. ಗುಟ್ಟು ಮಾಡಿದರೆ ಆ ದಾರಿಯನ್ನು ನಾವೇ ತೋರಿಸಿಕೊಟ್ಟ ಹಾಗಾಗುತ್ತದೆ.

ಗರ್ಭದ ವಿಷಯವನ್ನು ದಯವಿಟ್ಟು ಗಮನವಿಟ್ಟು ಓದಿ. ಫಿಟ್ಸ್ ಇರುವ ಹೆಂಗಸರು ಗರ್ಭಿಣಿಯಾಗುತ್ತಾರೆ, ನೂರರಲ್ಲಿ 90ಕ್ಕೂ ಹೆಚ್ಚು ಮಂದಿಗೆ ಆರೋಗ್ಯವಂತ ಮಕ್ಕಳೇ ಹುಟ್ಟುತ್ತವೆ. ಮಾತ್ರೆ ಉಷ್ಣ, ಗರ್ಭ ನಿಲ್ಲುವುದಿಲ್ಲ ಎಂಬುದು ಸುಳ್ಳು. ಆದರೆ ನಿಮ್ಮ ಮಗಳು ತೆಗೆದುಕೊಳ್ಳುತ್ತಿರುವ ವಾಲ್‌ಪ್ರೋಯೇಟ್ ಬಗ್ಗೆ ಬೇರೆಯದೇ ಆದ, ನಿಜವಾದ ಎಚ್ಚರಿಕೆ ಇದೆ. ಸಾಮಾನ್ಯವಾಗಿ ನೂರು ಮಕ್ಕಳಲ್ಲಿ ಎರಡು ಮೂರು ಮಕ್ಕಳಿಗೆ ಹುಟ್ಟಿನಿಂದ ಬರುವ ದೊಡ್ಡ ದೋಷ ಇರುತ್ತದೆ. ತಾಯಿ ಗರ್ಭಿಣಿಯಾಗಿದ್ದಾಗ ಈ ಔಷಧಿ ತೆಗೆದುಕೊಂಡಿದ್ದರೆ ಅದು ಸುಮಾರು ಹತ್ತಕ್ಕೆ ಏರುತ್ತದೆ. ಮಗುವಿನ ಬುದ್ಧಿಯ ಬೆಳವಣಿಗೆಗೂ ತೊಂದರೆಯಾಗಬಹುದು. ಹಾಗಾಗಿ ಮಕ್ಕಳಾಗುವ ವಯಸ್ಸಿನ ಹೆಣ್ಣುಮಕ್ಕಳಿಗೆ, ಬೇರೆ ದಾರಿ ಇರುವಾಗ, ಇದನ್ನು ಕೊಡುವುದಿಲ್ಲ. ಲೆವೆಟಿರಾಸಿಟಮ್, ಲ್ಯಾಮೋಟ್ರಿಜಿನ್ ಎಂಬ ಔಷಧಿಗಳು ಗರ್ಭಕ್ಕೆ ಇದಕ್ಕಿಂತ ಎಷ್ಟೋ ಸುರಕ್ಷಿತ.

ಇದನ್ನು ಓದಿ ನಾಳೆಯಿಂದ ಮಾತ್ರೆ ನಿಲ್ಲಿಸಿಬಿಡಬೇಡಿ ಅಮ್ಮಾ, ಕೈಮುಗಿದು ಕೇಳಿಕೊಳ್ಳುತ್ತೇನೆ. ಒಂದನ್ನು ಇಳಿಸುತ್ತಾ ಇನ್ನೊಂದನ್ನು ಏರಿಸುತ್ತಾ ನಿಧಾನವಾಗಿ ಬದಲಾಯಿಸಬೇಕು. ಅದಕ್ಕೆ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ದಿನ ಗೊತ್ತುಮಾಡುವ ಮೊದಲು ತಜ್ಞರನ್ನು ನೋಡಿ ಎಂದದ್ದು ಇದಕ್ಕೇ. ಮಗು ಬೇಕು ಎಂದುಕೊಳ್ಳುವ ಮೊದಲೇ ಫೋಲಿಕ್ ಆಸಿಡ್ ಮಾತ್ರೆ ಶುರುವಾಗಬೇಕು. ಗರ್ಭಿಣಿಯಾದ ಮೇಲೂ ಫಿಟ್ಸ್ ಮಾತ್ರೆ ಮುಂದುವರಿಯಬೇಕು, ತಾಯಿಗೆ ದೊಡ್ಡ ಫಿಟ್ಸ್ ಬರುವುದು ಮಗುವಿಗೂ ಅಪಾಯ. ಹೆರಿಗೆಯಾದ ಮೇಲೆ ಎದೆಹಾಲು ಕುಡಿಸಬಹುದು.

ಮಗುವಿಗೂ ಬರುತ್ತದೆಯೇ? ಯಾರಿಗೂ ಮೂರ್ಛೆ ಇಲ್ಲದ ಮನೆಯಲ್ಲೂ ನೂರರಲ್ಲಿ ಒಬ್ಬರಿಗೆ ಬರಬಹುದು. ತಾಯಿಗೆ ಇದ್ದರೆ ಅದು ಸುಮಾರು ಐದು. ಬಿಸಿನೀರಿನದು ಕೆಲವು ಮನೆತನಗಳಲ್ಲಿ ಇಬ್ಬರು ಮೂವರಿಗೆ ಕಾಣುತ್ತದೆ, ಆದ್ದರಿಂದ ನಿಮ್ಮ ಕಡೆ ಬೇರೆ ಯಾರಿಗಾದರೂ ಹೀಗಾಗಿತ್ತೇ ಎಂದು ವಿಚಾರಿಸಿ ಡಾಕ್ಟರಿಗೆ ತಿಳಿಸಿ. ಹಾಗೆ ಲೆಕ್ಕ ಹಾಕಿದರೂ ಬರದಿರುವ ಮಕ್ಕಳೇ ಬಹಳ ಹೆಚ್ಚು.

ಹೇಗೆ ಹೇಳುವುದು? ನಿಮ್ಮ ಪತ್ರದಲ್ಲಿ ಅತ್ತೆ, ಅತ್ತಿಗೆ, ಜೋಯಿಸರು, ಎಲ್ಲರ ಮಾತೂ ಇದೆ. ಮಗಳು ಏನು ಅನ್ನುತ್ತಾಳೆ ಎಂಬ ಒಂದು ಸಾಲೂ ಇಲ್ಲ. ಇದು ತಪ್ಪು ಹುಡುಕುವ ಮಾತಲ್ಲ, ನಾನು ನೋಡಿದ ಮುಕ್ಕಾಲು ಪಾಲು ಮನೆಗಳಲ್ಲಿ ಹೀಗೇ. ಇವತ್ತು ರಾತ್ರಿ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ: ಈ ಹುಡುಗ ನಿನಗೆ ಇಷ್ಟವಾ? ಅವನಿಗೆ ಯಾರು ಹೇಳಬೇಕು, ನೀನಾ ನಾವಾ? ಎಷ್ಟೋ ಹುಡುಗಿಯರು ‘ನಾನೇ ಹೇಳ್ತೀನಿ’ ಅನ್ನುತ್ತಾರೆ, ಕೇಳಿದವರು ಇರುವುದಿಲ್ಲ ಅಷ್ಟೆ. ಪಾಠ ಹೇಳುವ ಹುಡುಗಿ, ಅವಳಿಗೆ ವಿವರಿಸಲು ಬರುತ್ತದೆ.

ಮದುವೆ ದಲ್ಲಾಳಿಯ ಬಾಯಿಂದ ಈ ವಿಷಯ ಹೋಗಬಾರದು. ಎರಡೂ ಮನೆಯವರು ಒಪ್ಪಿದ ಮೇಲೆ, ನಿಶ್ಚಿತಾರ್ಥಕ್ಕೆ ಮುಂಚೆ, ಹುಡುಗ ಮತ್ತು ಅವನ ತಂದೆತಾಯಿಯನ್ನು ಮಾತ್ರ ಕೂರಿಸಿಕೊಂಡು ಹೇಳಿ. ಅಳುತ್ತಾ ಹೇಳಬೇಡಿ, ಕ್ಷಮೆ ಕೇಳಬೇಡಿ. ನೀವು ದಿನಾ ಆಡುವ ಮಾತಲ್ಲೇ ಸಾಕು: ‘ನಮ್ಮ ಹುಡುಗಿಗೆ ಹದಿನೇಳನೇ ವಯಸ್ಸಲ್ಲಿ ಫಿಟ್ಸ್ ಬಂದಿತ್ತು. ಈಗ ಮೂರು ವರ್ಷದಿಂದ ಬಂದಿಲ್ಲ. ದಿನಾ ಮಾತ್ರೆ ತಗೋತಾಳೆ, ತಗೋತಾನೇ ಇರಬೇಕು. ಮದುವೆ ಮಾಡ್ಬೋದು, ಮಕ್ಕಳೂ ಆಯ್ತವೆ ಅಂತ ಡಾಕ್ಟ್ರು ಹೇಳವ್ರೆ. ಬೇಕಾದ್ರೆ ನೀವೂ ಬಂದು ಅವರನ್ನೇ ಕೇಳಿ.’ ಕೊನೆಯ ವಾಕ್ಯವನ್ನು ಬಿಡಬೇಡಿ. ಹುಡುಗನನ್ನು ಮದುವೆಗೆ ಮೊದಲೇ ಕರೆತಂದ ಮನೆಯವರನ್ನು ನಾನು ನೋಡಿದ್ದೇನೆ. ಅವನು ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ತೀರಾ ಸರಳ: ಬಂದರೆ ನಾನೇನು ಮಾಡಬೇಕು, ರಾತ್ರಿ ಹೊತ್ತು ಬಂದರೆ ಗೊತ್ತಾಗುತ್ತದೆಯೇ, ಜಗಳ ಆಡಬಾರದೇ. ಅರ್ಧ ಗಂಟೆಯಲ್ಲಿ ಅವನ ಮುಖದ ಬಿಗಿ ಸಡಿಲವಾಗುತ್ತದೆ.

ಒಪ್ಪದೆ ಹೋಗಬಹುದು. ಹಾಗಾದರೆ ನೋವಾಗುತ್ತದೆ, ಮಗಳಿಗೆ ನಿಮಗಿಂತ ಹೆಚ್ಚು. ಅದಕ್ಕೆ ನನ್ನ ಹತ್ತಿರ ಔಷಧಿ ಇಲ್ಲ. ಚಿಕ್ಕವಳ ಬಗ್ಗೆ ನಿಮಗಿರುವ ಭಯವೂ ನನಗೆ ಅರ್ಥವಾಗುತ್ತದೆ, ಊರಿನಲ್ಲಿ ಮಾತು ಹೇಗೆ ಹರಡುತ್ತದೆ ಎಂದು ನನಗೂ ಗೊತ್ತು. ಆದರೆ ಒಪ್ಪದ ಸಂಬಂಧ ಒಂದು ವಾರದಲ್ಲಿ ಮುಗಿದ ಮಾತಾಗುತ್ತದೆ. ಮದುವೆಯಾದ ಮೇಲೆ ಗುಟ್ಟು ಒಡೆದು ತವರಿಗೆ ಬಂದು ಕೂತ ಮಗಳ ವಿಷಯ ಊರು ವರ್ಷಗಟ್ಟಲೆ ಆಡಿಕೊಳ್ಳುತ್ತದೆ, ಚಿಕ್ಕವಳ ಸಂಬಂಧಕ್ಕೂ ಆಗ ನಿಜವಾದ ಪೆಟ್ಟು ಬೀಳುತ್ತದೆ.

ಒಪ್ಪಿದರೆ ಮದುವೆಯ ವಾರಕ್ಕೆ ಚಿಕ್ಕ ಮಗಳಿಗೇ ಒಂದು ಕೆಲಸ ಕೊಡಿ. ಅಕ್ಕನ ಮಾತ್ರೆ ಡಬ್ಬಿ ಅವಳ ಕೈಯಲ್ಲಿರಲಿ, ಫೋನಿನಲ್ಲಿ ಎರಡು ಹೊತ್ತು ಅಲಾರಂ ಇರಲಿ. ಹಿಂದಿನ ರಾತ್ರಿ ಆರೇಳು ಗಂಟೆ ನಿದ್ದೆ ಆಗಲೇಬೇಕು, ಅದಕ್ಕೆ ಬೆಳಗಿನ ಜಾವದ ಮುಹೂರ್ತ ಬೇಡ, ಹತ್ತು ಗಂಟೆ ಮೇಲಿನದು ಇಟ್ಟುಕೊಡಿ ಎಂದು ಜೋಯಿಸರನ್ನೇ ಕೇಳಿ. ಉಪವಾಸವಿದ್ದರೂ ಮಾತ್ರೆಯನ್ನು ನೀರಿನ ಜೊತೆ ನುಂಗಬಹುದು. ಎಣ್ಣೆನೀರಿನ ಶಾಸ್ತ್ರಕ್ಕೆ ನೀರು ಬೆಚ್ಚಗಿದ್ದರೆ ಸಾಕು, ಐದು ಜನ ಮುತ್ತೈದೆಯರು ಐದು ಚೊಂಬು ಬಿಸಿನೀರು ನೆತ್ತಿಗೆ ಹೊಯ್ಯುವುದು ಬೇಡ.

ಕೀಲಿಕೈ ವಿಷಯ ನೀವು ಕೇಳಿಲ್ಲ, ಆದರೂ ಹೇಳದೆ ಮುಗಿಸಲಾರೆ. ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಡುತ್ತಾರೆ, ಚಪ್ಪಲಿ ಮೂಸಿಸುತ್ತಾರೆ, ಈರುಳ್ಳಿ ಜಜ್ಜಿ ಮೂಗಿಗೆ ಹಿಡಿಯುತ್ತಾರೆ. ಸಾಮಾನ್ಯವಾಗಿ ಫಿಟ್ಸ್ ಒಂದರಿಂದ ಮೂರು ನಿಮಿಷದಲ್ಲಿ ತಾನಾಗಿ ನಿಲ್ಲುತ್ತದೆ. ಯಾರೋ ಓಡಿಹೋಗಿ ಕೀಲಿಗೊಂಚಲು ಹುಡುಕಿ ತಂದು ಕೈಯಲ್ಲಿಡುವಷ್ಟರಲ್ಲಿ ಎರಡು ನಿಮಿಷ ಕಳೆದಿರುತ್ತದೆ. ಕೈ ಸಡಿಲವಾಗುತ್ತದೆ, ಕಬ್ಬಿಣಕ್ಕೆ ಹೆಸರು ಬರುತ್ತದೆ. ಕೀಲಿಕೈಯಿಂದ ಹೆಚ್ಚು ಕೇಡಿಲ್ಲದಿರಬಹುದು, ಬಾಯಿಗೆ ಚಮಚ ತುರುಕುವುದರಿಂದ, ನೀರು ಹೊಯ್ಯುವುದರಿಂದ ಕೇಡಿದೆ. ಹಲ್ಲು ಮುರಿಯುತ್ತದೆ, ನೀರು ಶ್ವಾಸಕೋಶಕ್ಕೆ ಹೋಗುತ್ತದೆ. ಮಾಡಬೇಕಾದದ್ದು ಇಷ್ಟೇ: ತಲೆಯ ಕೆಳಗೆ ಮೆತ್ತಗಿನದೇನಾದರೂ ಇಡಿ, ಒಂದು ಪಕ್ಕಕ್ಕೆ ಹೊರಳಿಸಿ ಜೊಲ್ಲು ಹೊರಗೆ ಹರಿಯಲು ಬಿಡಿ, ಒತ್ತಿ ಹಿಡಿಯಬೇಡಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ, ಅಥವಾ ಎಚ್ಚರವಾಗದೆ ಮತ್ತೆ ಬಂದರೆ 108ಕ್ಕೆ ಕರೆ ಮಾಡಿ. ಇದನ್ನು ಅಳಿಯನಾಗುವವನಿಗೆ ನೀವೇ ಹೇಳಿಕೊಡಿ.

ತಜ್ಞರ ಹತ್ತಿರ ಹೋಗುವಾಗ ಹಳೆಯ ಚೀಟಿಗಳು, ಇಇಜಿ ಮತ್ತು ಸ್ಕ್ಯಾನ್ ವರದಿ, ಈಗ ನುಂಗುತ್ತಿರುವ ಮಾತ್ರೆಯ ಪಟ್ಟಿ, ಫಿಟ್ಸ್ ಬಂದ ತಾರೀಖುಗಳನ್ನು ಬರೆದ ಹಾಳೆ, ಇಷ್ಟು ಜೊತೆಯಲ್ಲಿರಲಿ. ಮಾತಾಡುವುದನ್ನು ಮಗಳಿಗೆ ಬಿಡಿ, ನೀವು ಪಕ್ಕದಲ್ಲಿ ಕೂತಿರಿ.